ಕೈಯಲ್ಲೇ ಹಿಡಿದ 600 ಮಿ.ಮೀ.: ಮಸುಕು ಲೆನ್ಸಿನದೋ, ಕೈಯದೋ, ಗಾಳಿಯದೋ?

ಪ್ರಶ್ನೆ: ಇಷ್ಟು ದಿನ 70-300 ಮಿ.ಮೀ. ಝೂಮ್ ಬಳಸುತ್ತಿದ್ದೆ. ಹಕ್ಕಿಗಳನ್ನು ತೆಗೆಯಬೇಕೆಂಬ ಆಸೆಯಿಂದ ಗೆಳೆಯರೊಬ್ಬರ 200-600 ಲೆನ್ಸನ್ನು ವಾರಾಂತ್ಯಕ್ಕೆ ತಂದು, ಟ್ರೈಪಾಡ್ ಇಲ್ಲದೆ ಹೊರಗೆಲ್ಲ ತಿರುಗಾಡಿ ತೆಗೆದೆ. ಕ್ಯಾಮೆರಾದ ಪರದೆಯಲ್ಲಿ ಚೆನ್ನಾಗಿ ಕಂಡ ಚಿತ್ರಗಳು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದರೆ ಬಹುಪಾಲು ಮಸುಕು. ಸ್ಟೆಬಿಲೈಸೇಶನ್ (ಕೈಯ ನಡುಕವನ್ನು ಸರಿದೂಗಿಸುವ ವ್ಯವಸ್ಥೆ) ಆನ್ ಇತ್ತು. ಲೆನ್ಸೇ ಸಾಫ್ಟ್ (ಸ್ಪಷ್ಟತೆ ಕಡಿಮೆ) ಇರಬಹುದೇ? ಇನ್ನೊಮ್ಮೆ ತಂದು ಸರಿಯಾಗಿ ಪರೀಕ್ಷಿಸುವುದು ಹೇಗೆ? ಟ್ರೈಪಾಡ್ ಇಲ್ಲದೆ ಆಗುವುದೇ ಇಲ್ಲವೇ? ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಹಾಕಿ ಬಿಂಬ ಹಿಗ್ಗಿಸುವ 1.4 ಪಟ್ಟಿನ ಟೆಲಿಕನ್ವರ್ಟರ್ ತೆಗೆದುಕೊಳ್ಳಬಹುದೇ?

ಉತ್ತರ: ಲೆನ್ಸಿನಲ್ಲೇ ದೋಷ ಇರಲಾರದು ಎಂದೇನಿಲ್ಲ. ಆದರೆ ನಾನಾಗಿದ್ದರೆ ಅದನ್ನು ಕಟ್ಟಕಡೆಗೆ ಅನುಮಾನಿಸುತ್ತೇನೆ. ಹೊರಗೆ, ಕೈಯಲ್ಲಿ ಹಿಡಿದು, 600 ಮಿ.ಮೀ.ನಲ್ಲಿ ತೆಗೆದ ಚಿತ್ರ ಮಸುಕಾಗಲು ಲೆನ್ಸನ್ನು ಬಿಟ್ಟು ಇನ್ನೂ ನಾಲ್ಕು ಕಾರಣಗಳಿವೆ: ಕೈ ಅಲುಗಿದ್ದು, ಹಕ್ಕಿ ಅಲುಗಿದ್ದು, ಫೋಕಸ್ ತಪ್ಪಿದ್ದು, ನಡುವಿನ ಗಾಳಿ ಕಾದದ್ದು. ಕ್ಯಾಮೆರಾದ ಚಿಕ್ಕ ಪರದೆಯಲ್ಲಿ ನಾಲ್ಕೂ ಒಂದೇ ಥರ ಕಾಣುತ್ತವೆ. ದೊಡ್ಡದು ಮಾಡಿ ನೋಡಿದರೆ ಒಂದೊಂದೂ ತನ್ನದೇ ಗುರುತು ಬಿಟ್ಟಿರುತ್ತದೆ. ಆದ್ದರಿಂದ ಮತ್ತೆ ಲೆನ್ಸ್ ಕೇಳಲು ಹೋಗುವ ಮುಂಚೆ, ಆ ಚಿತ್ರಗಳನ್ನು ನೀವಿನ್ನೂ ಅಳಿಸಿಲ್ಲದಿದ್ದರೆ, ಶೇ. 100ಕ್ಕೆ ಹಿಗ್ಗಿಸಿ ಒಂದೊಂದಾಗಿ ನೋಡಿ.

ಕೈ ಅಲುಗಿದ್ದರೆ ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತಿರುತ್ತದೆ. ಹಕ್ಕಿಯ ಕಣ್ಣಿನೊಳಗಿನ ಬೆಳಕಿನ ಚುಕ್ಕೆಯನ್ನು ಹುಡುಕಿ. ಅದು ಚುಕ್ಕೆಯಾಗಿರದೆ ಚಿಕ್ಕ ಗೆರೆಯಾಗಿದ್ದರೆ, ಪಕ್ಕದ ಎಲೆಯ ಮೇಲಿನ ಹೊಳಪೂ ಅದೇ ಕಡೆಗೆ ಅಷ್ಟೇ ಉದ್ದ ಎಳೆದಿದ್ದರೆ, ಅಲ್ಲಿಗೆ ತೀರ್ಮಾನವಾಯಿತು. ಹಕ್ಕಿ ಅಲುಗಿದ್ದರೆ ಕೂತ ಕೊಂಬೆ ಸ್ಪಷ್ಟವಾಗಿರುತ್ತದೆ, ತಲೆಯೋ ರೆಕ್ಕೆಯ ತುದಿಯೋ ಮಾತ್ರ ಕಲಸಿಹೋಗಿರುತ್ತದೆ. ಫೋಕಸ್ ತಪ್ಪಿದ್ದರೆ ಚಿತ್ರದಲ್ಲಿ ಎಲ್ಲೋ ಒಂದು ಕಡೆ, ಹಕ್ಕಿಯ ಮುಂದಿನ ಹುಲ್ಲಿನಲ್ಲೋ ಹಿಂದಿನ ಕಡ್ಡಿಯಲ್ಲೋ, ಕೂದಲೆಳೆಯಷ್ಟು ಸ್ಪಷ್ಟತೆ ಸಿಕ್ಕೇ ಸಿಗುತ್ತದೆ. ಗಾಳಿಯ ಕಾಟ ಮಾತ್ರ ವಿಚಿತ್ರ. ಎಲ್ಲೂ ಸ್ಪಷ್ಟತೆ ಇರುವುದಿಲ್ಲ, ಹಾಗೆಂದು ಒಂದು ದಿಕ್ಕಿನ ಎಳೆತವೂ ಇರುವುದಿಲ್ಲ. ನೇರವಾಗಿರಬೇಕಾದ ಅಂಚುಗಳು ಸಣ್ಣಗೆ ಸೊಟ್ಟಗಾಗಿರುತ್ತವೆ. ಒಂದೇ ಬರ್ಸ್ಟ್‌ನ (ಬಟನ್ ಒತ್ತಿಹಿಡಿದು ಒಂದರ ಹಿಂದೊಂದು ತೆಗೆದ ಸಾಲಿನ) ಎರಡು ಚಿತ್ರಗಳಲ್ಲಿ ಆ ಸೊಟ್ಟ ಬೇರೆ ಬೇರೆ ರೀತಿ ಇರುತ್ತದೆ.

ಈಗ ಅಳತೆಯ ಮಾತು. ಫುಲ್‌ಫ್ರೇಮ್ (36 ಮಿ.ಮೀ. ಅಗಲದ ಸೆನ್ಸರಿನ) ಕ್ಯಾಮೆರಾದಲ್ಲಿ 300 ಮಿ.ಮೀ. ಲೆನ್ಸ್ ಅಡ್ಡಕ್ಕೆ ಸುಮಾರು 7 ಡಿಗ್ರಿ ನೋಡುತ್ತದೆ, 600 ನೋಡುವುದು 3.4 ಡಿಗ್ರಿ. ಅಷ್ಟು ಕಿರಿದಾದ ನೋಟವನ್ನು 24 ಮೆಗಾಪಿಕ್ಸೆಲ್ ಸೆನ್ಸರ್ 6000 ಭಾಗ ಮಾಡುತ್ತದೆ. ಲೆಕ್ಕ ಹಾಕಿದರೆ ಒಂದು ಪಿಕ್ಸೆಲ್‌ಗೆ ಬರುವುದು ಒಂದು ಡಿಗ್ರಿಯ 3600 ಪಾಲಿನಲ್ಲಿ ಎರಡೇ ಪಾಲು. ಲೆನ್ಸ್ ಸುಮಾರು 30 ಸೆಂ.ಮೀ. ಉದ್ದ ಇದೆಯಲ್ಲ, ಶಟರ್ ತೆರೆದಿರುವಷ್ಟು ಹೊತ್ತಿನಲ್ಲಿ ಅದರ ಮೂತಿ 0.015 ಮಿ.ಮೀ.ನಷ್ಟು ಸರಿದರೆ ಸಾಕು, ಐದು ಪಿಕ್ಸೆಲ್ ಉದ್ದದ ಗೆರೆ ಬೀಳುತ್ತದೆ. ತಲೆಗೂದಲಿನ ದಪ್ಪವೂ ಇದಕ್ಕಿಂತ ಹಲವು ಪಟ್ಟು ಹೆಚ್ಚು. ನಿಮ್ಮ ಕೈ ಎಷ್ಟೇ ಗಟ್ಟಿಯಿದ್ದರೂ ಈ ಅಳತೆಯಲ್ಲಿ ಅದು ನಡುಗುತ್ತಲೇ ಇರುತ್ತದೆ. 300ರಲ್ಲಿ ಇದೇ ನಡುಕದ ಅರ್ಧದಷ್ಟು ಮಾತ್ರ ಚಿತ್ರದಲ್ಲಿ ಕಾಣುತ್ತಿತ್ತು, ನೀವು ಬಚಾವಾಗುತ್ತಿದ್ದಿರಿ.

ಫೋಕಲ್ ಲೆಂಗ್ತ್ ಎಷ್ಟೋ ಅಷ್ಟರಲ್ಲಿ ಒಂದು ಪಾಲು ಶಟರ್ ವೇಗ ಇಡಬೇಕು ಎಂಬ ಹಳೆಯ ಸೂತ್ರ ನಿಮಗೆ ಗೊತ್ತಿರುತ್ತದೆ. 600ಕ್ಕೆ 1/600 ಸೆಕೆಂಡ್. ಫಿಲ್ಮ್ ಕಾಲದಲ್ಲಿ, ಪೋಸ್ಟ್‌ಕಾರ್ಡ್ ಅಳತೆಯ ಪ್ರಿಂಟಿಗೆ ಅದು ಸಾಕಾಗುತ್ತಿತ್ತು. ಪಿಕ್ಸೆಲ್ ಮಟ್ಟಕ್ಕೆ ಇಳಿದು ನೋಡುವ ನಮಗೆ ಸಾಲದು. ಫುಲ್‌ಫ್ರೇಮ್‌ಗಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್ ಆಗಿದ್ದರೆ ಅದನ್ನು ಇನ್ನೂ ಒಂದೂವರೆ ಪಟ್ಟು ಮಾಡಿ, 1/900 ಅಂದುಕೊಳ್ಳಿ. ಆದರೂ ಇದು ಸೂತ್ರವಷ್ಟೇ, ನಿಮ್ಮ ಕೈಯ ವೇಗ ಎಷ್ಟು ಎಂಬುದನ್ನು ನೀವೇ ಕಂಡುಕೊಳ್ಳಬೇಕು. ಲೆನ್ಸ್ ಪರೀಕ್ಷೆ ಎಂದು ನೀವು ಕೇಳಿದ್ದೀರಿ, ನಾನು ಮಾಡಿಸುವುದು ನಿಮ್ಮ ಮತ್ತು ಲೆನ್ಸಿನ ಜೋಡಿಯ ಪರೀಕ್ಷೆ.

ಹಕ್ಕಿಯ ಸಹವಾಸ ಮೊದಲಿಗೆ ಬೇಡ. ಒರಟು ತೊಗಟೆಯ ಮರ, ಇಟ್ಟಿಗೆ ಗೋಡೆ, ಸಣ್ಣ ಅಕ್ಷರಗಳ ಫಲಕ, ಇಂಥದ್ದೇನಾದರೂ 10-15 ಮೀಟರ್ ದೂರದಲ್ಲಿರಲಿ. ಬೆಳಗಿನ ಹೊತ್ತು, ಆದಷ್ಟು ನೆರಳಿನಲ್ಲಿ. ಲೆನ್ಸಿನ ಮುಂದೆ ಯುವಿ ಫಿಲ್ಟರ್ ಇದ್ದರೆ ಬಿಚ್ಚಿಡಿ. ಅಗ್ಗದ ಫಿಲ್ಟರ್ 50 ಮಿ.ಮೀ.ನಲ್ಲಿ ಏನೂ ತೊಂದರೆ ಕೊಡದೆ 600ರಲ್ಲಿ ಚಿತ್ರವನ್ನೇ ಹಾಳುಮಾಡಬಲ್ಲದು. ಎಷ್ಟೋ ಸಲ 'ಲೆನ್ಸ್ ಸಾಫ್ಟ್' ಎಂಬ ದೂರು ಫಿಲ್ಟರ್ ಬಿಚ್ಚಿದ ಕೂಡಲೇ ಮುಗಿದುಹೋಗುತ್ತದೆ. ಹುಡ್ (ಅಡ್ಡಬೆಳಕು ತಡೆಯುವ ಮುಂದಿನ ಕೊಳವೆ) ಮಾತ್ರ ಹಾಕಿಕೊಂಡೇ ಇರಿ.

ಮೊದಲು ಲೆನ್ಸನ್ನು ಮೋಟು ಗೋಡೆಯ ಮೇಲೋ ಮೇಜಿನ ಮೇಲೋ ಒಂದು ಚೀಲದ ಮೆತ್ತೆಯ ಮೇಲೆ ಕೂರಿಸಿ, ಎರಡು ಸೆಕೆಂಡಿನ ಟೈಮರ್ ಇಟ್ಟು, 1/1000ಕ್ಕಿಂತ ವೇಗದಲ್ಲಿ ಕೆಲವು ಚಿತ್ರ ತೆಗೆಯಿರಿ. ಈ ಲೆನ್ಸಿನಿಂದ ಹೆಚ್ಚೆಂದರೆ ಎಷ್ಟು ಸ್ಪಷ್ಟತೆ ಬರುತ್ತದೆ ಎಂಬುದಕ್ಕೆ ಅದು ನಿಮ್ಮ ಅಳತೆಗೋಲು. ಆಮೇಲೆ ಎದ್ದು ನಿಂತು, ಅದೇ ಗುರಿಯನ್ನು ಕೈಯಲ್ಲಿ ಹಿಡಿದು 1/2000, 1/1000, 1/500, 1/250, 1/125 ಹೀಗೆ ಇಳಿಯುತ್ತಾ ಬನ್ನಿ. ಪ್ರತಿ ವೇಗಕ್ಕೂ ಹತ್ತು ಚಿತ್ರ. ಬರ್ಸ್ಟ್‌ನಲ್ಲಿ ಒಟ್ಟಿಗೆ ಹತ್ತು ಬೇಡ. ಪ್ರತಿ ಸಲ ಲೆನ್ಸ್ ಇಳಿಸಿ, ಮತ್ತೆ ಎತ್ತಿ, ಮತ್ತೆ ಫೋಕಸ್ ಮಾಡಿ. ಮನೆಗೆ ಬಂದು ಅಳತೆಗೋಲಿನ ಚಿತ್ರದ ಪಕ್ಕ ಇಟ್ಟು ಎಣಿಸಿ. ಹತ್ತರಲ್ಲಿ ಎಂಟಾದರೂ ಚೆನ್ನಾಗಿ ಬಂದ ಅತಿ ಕಡಿಮೆ ವೇಗ ಯಾವುದೋ ಅದೇ ನಿಮ್ಮ ವೇಗ. ಇದೇ ಕೆಲಸವನ್ನು ಅರ್ಧ ಗಂಟೆ ಲೆನ್ಸ್ ಹೊತ್ತು ನಡೆದಾಡಿ ಬಂದು ಮತ್ತೊಮ್ಮೆ ಮಾಡಿ. ಮೊದಲು ಸಿಕ್ಕ ವೇಗ ಸಾಲದೆ ಇನ್ನೂ ಹೆಚ್ಚಿನ ವೇಗ ಬೇಕಾಗುವುದು ಬಹುತೇಕ ಖಚಿತ. ಹೊರಗೆ ಹಕ್ಕಿಯ ಹಿಂದೆ ಹೋದಾಗ ಲೆಕ್ಕಕ್ಕೆ ಬರುವುದು ಈ ಎರಡನೆಯ ಅಂಕಿಯೇ.

ವೇಗ ಹೆಚ್ಚಿಸಿದರೆ ಬೆಳಕು ಸಾಲುವುದಿಲ್ಲ ಎಂಬ ಭಯ ಬೇಡ. ನಿಚ್ಚಳ ಬಿಸಿಲಿನಲ್ಲಿ ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ) ಎಫ್ 6.3, ವೇಗ 1/2000ಕ್ಕೆ ಐಎಸ್‌ಒ (ಸೆನ್ಸರಿನ ಬೆಳಕಿನ ಸಂವೇದನೆ) 320-400 ಸಾಕು. ದಟ್ಟ ಮೋಡ ಕವಿದರೆ 2500-3200ಕ್ಕೆ ಏರುತ್ತದೆ. ಇಂದಿನ ಸೆನ್ಸರ್‌ಗಳಿಗೆ ಅದು ದೊಡ್ಡದಲ್ಲ, ನಾಯ್ಸ್ ತೆಗೆಯುವ ಸಾಫ್ಟ್‌ವೇರ್‌ಗಳೂ ಈಗ ಚೆನ್ನಾಗಿವೆ. ಕಾಳಿನಂಥ ನಾಯ್ಸ್ ಇರುವ ಸ್ಪಷ್ಟ ಚಿತ್ರವನ್ನು ಆಮೇಲೆ ತಿದ್ದಬಹುದು. ನುಣುಪಾಗಿದ್ದೂ ಅಲುಗಿದ ಚಿತ್ರಕ್ಕೆ ಮದ್ದಿಲ್ಲ. ಮ್ಯಾನುಯಲ್ ಮೋಡ್‌ನಲ್ಲಿ ಅಪರ್ಚರ್ ಪೂರ್ತಿ ತೆರೆದು, ಶಟರ್ ವೇಗವನ್ನು ನೀವೇ ನಿಲ್ಲಿಸಿ, ಐಎಸ್‌ಒ ಮಾತ್ರ ಆಟೋದಲ್ಲಿ ಬಿಡುವುದು ಈ ಕೆಲಸಕ್ಕೆ ನನಗೆ ಒಗ್ಗಿದ ಕ್ರಮ.

ಸ್ಟೆಬಿಲೈಸೇಶನ್ ಆನ್ ಇದ್ದೂ ಯಾಕೆ ಹೀಗಾಯಿತು ಎಂಬುದು ನಿಮ್ಮ ಪ್ರಶ್ನೆಯೊಳಗಿನ ಪ್ರಶ್ನೆ. ಅದು ನಿಮ್ಮ ಕೈಯನ್ನು ಸಂಭಾಳಿಸುತ್ತದೆ, ಹಕ್ಕಿಯ ಕತ್ತನ್ನಲ್ಲ. ಕೂತ ಹಕ್ಕಿ ಸುಮ್ಮನಿದ್ದಂತೆ ಕಂಡರೂ ತಲೆ ತಿರುಗಿಸುವುದು ಕಣ್ಣಿಗೆ ಕಾಣದಷ್ಟು ಚುರುಕು. 1/250ರಲ್ಲಿ ಸ್ಟೆಬಿಲೈಸೇಶನ್ ಕೊಂಬೆಯನ್ನು ಅಚ್ಚುಕಟ್ಟಾಗಿ ಕೊಡುತ್ತದೆ, ಹಕ್ಕಿಯ ಮುಖ ಮಾತ್ರ ಮಸುಕಾಗಿರುತ್ತದೆ. ಕೂತ ಹಕ್ಕಿಗೆ 1/800 ಆಸುಪಾಸು, ಹಾರುವುದಕ್ಕೆ 1/2000 ಅಥವಾ ಮೇಲೆ ಎಂದಿಟ್ಟುಕೊಂಡರೆ ತಪ್ಪುವುದು ಕಡಿಮೆ.

ಎರಡನೆಯದು, ಅದು ನೆಲೆಗೊಳ್ಳಲು ಒಂದಿಷ್ಟು ಹೊತ್ತು ಬೇಕು. ಬಟನ್ ಅರ್ಧ ಒತ್ತಿದಾಗ ವ್ಯೂಫೈಂಡರಿನ ನೋಟ ಒಮ್ಮೆ ಕುಪ್ಪಳಿಸಿ ಆಮೇಲೆ ತೇಲುವಂತೆ ನಿಧಾನವಾಗುವುದನ್ನು ಗಮನಿಸಿರುತ್ತೀರಿ. ಆ ಕುಪ್ಪಳ ಮುಗಿಯುವ ಮುಂಚೆಯೇ ಪೂರ್ತಿ ಒತ್ತಿಬಿಟ್ಟರೆ ಸ್ಟೆಬಿಲೈಸೇಶನ್ ಇದ್ದೂ ಇಲ್ಲದಂತೆ. ಅರ್ಧ ಸೆಕೆಂಡ್ ತಡೆಯಿರಿ. ಮೋಡ್ ಸ್ವಿಚ್ಚನ್ನೂ ನೋಡಿ: ಸೋನಿ, ಕ್ಯಾನನ್ ಲೆನ್ಸ್‌ಗಳಲ್ಲಿ 1 ಸಾಮಾನ್ಯ ಬಳಕೆಗೆ, 2 ಒಂದೇ ದಿಕ್ಕಿಗೆ ಚಲಿಸುವುದನ್ನು ಹಿಂಬಾಲಿಸುವುದಕ್ಕೆ, 3 ದಿಕ್ಕುದೆಸೆಯಿಲ್ಲದೆ ಹಾರಾಡುವುದಕ್ಕೆ. ನಿಕಾನ್‌ನಲ್ಲಿ ನಾರ್ಮಲ್ ಮತ್ತು ಸ್ಪೋರ್ಟ್ ಎಂದಿರುತ್ತದೆ. ಎರವಲು ತಂದ ಲೆನ್ಸಿನಲ್ಲಿ ಸ್ವಿಚ್ಚುಗಳು ಯಾವುದೋ ಸ್ಥಾನದಲ್ಲಿ ಇರುತ್ತವೆ, ಹತ್ತಕ್ಕೆ ಒಂಬತ್ತು ಮಂದಿ ನೋಡುವುದೇ ಇಲ್ಲ. ಫೋಕಸ್ ಲಿಮಿಟರ್ ಕೂಡ ಹಾಗೆಯೇ. ಅದು 10 ಮೀಟರಿನಿಂದ ಅನಂತದವರೆಗೆ ಎಂದಿದ್ದರೆ ಹತ್ತಿರದ ಪೊದೆಯ ಹಕ್ಕಿಗೆ ಲೆನ್ಸ್ ಫೋಕಸ್ ಮಾಡಲು ಒಪ್ಪುವುದೇ ಇಲ್ಲ.

ಕ್ಯಾಮೆರಾ ಬಾಡಿಯೊಳಗಿನ ಸ್ಟೆಬಿಲೈಸೇಶನ್ ಒಂದನ್ನೇ ನಂಬಿ ಇಷ್ಟು ಉದ್ದದ ಲೆನ್ಸ್ ಬಳಸುವುದು ಕಷ್ಟ. ಲೆನ್ಸ್ ಅರ್ಧ ಡಿಗ್ರಿ ವಾಲಿದರೆ 600 ಮಿ.ಮೀ.ನಲ್ಲಿ ಬಿಂಬ ಸೆನ್ಸರಿನ ಮೇಲೆ 5 ಮಿ.ಮೀ.ಗೂ ಹೆಚ್ಚು ಸರಿಯುತ್ತದೆ. ಸೆನ್ಸರ್ ತನ್ನ ಚೌಕಟ್ಟಿನೊಳಗೆ ಅಷ್ಟು ದೂರ ಬೆನ್ನಟ್ಟಲಾರದು. ಲೆನ್ಸಿನೊಳಗಿನ ಗಾಜೊಂದನ್ನು ಸರಿಸಿ ಬೆಳಕನ್ನೇ ಬಗ್ಗಿಸುವ ವ್ಯವಸ್ಥೆಗೆ ಇಲ್ಲಿ ಹೆಚ್ಚು ಬಲ. ಬಿಚ್ಚಿ ಬದಲಿಸಬಹುದಾದ ಲೆನ್ಸ್‌ಗಳಿಗೆ ಕ್ಯಾನನ್ 1995ರಲ್ಲಿ ಈ ತಂತ್ರವನ್ನು ಮೊದಲು ಒಂದು 75-300 ಝೂಮ್‌ನಲ್ಲಿ ತಂದಿತು. ಉದ್ದದ ಲೆನ್ಸ್‌ಗಳ ಮಟ್ಟಿಗೆ ಅದರ ಪ್ರಯೋಜನ ಇವತ್ತಿಗೂ ಕಡಿಮೆಯಾಗಿಲ್ಲ.

ಹಿಡಿಯುವ ರೀತಿಗೆ ಬರೋಣ. ಸೋನಿಯ 200-600 ಸುಮಾರು 2.1 ಕಿಲೋ, ನಿಕಾನ್ ಝಡ್ 180-600 ಎರಡು ಕಿಲೋದ ಹತ್ತಿರ, ಕ್ಯಾನನ್ ಆರ್‌ಎಫ್ 100-500 ಸುಮಾರು 1.4 ಕಿಲೋ. ಡಿಎಸ್‌ಎಲ್‌ಆರ್‌ಗಳಿಗೆ (ಒಳಗೆ ಕನ್ನಡಿಯಿರುವ ಹಳೆಯ ಬಗೆಯ ಕ್ಯಾಮೆರಾಗಳಿಗೆ) ಬಂದ ಸಿಗ್ಮಾ 150-600 ಸ್ಪೋರ್ಟ್ಸ್ ಅಂತೂ 2.86 ಕಿಲೋ. ಬಾಡಿ ಸೇರಿದರೆ ಮೂರು ಕಿಲೋ ಮುಟ್ಟುವ ಭಾರವನ್ನು ಬಲಗೈಯಲ್ಲಿ ಹೊರುವವರೇ ಜಾಸ್ತಿ, ತಪ್ಪಾಗುವುದೂ ಅಲ್ಲೇ. ಭಾರವೆಲ್ಲ ಎಡಗೈಯದು, ಬಲಗೈ ಬಟನ್‌ಗೆ ಮಾತ್ರ. ಎಡ ಅಂಗೈಯನ್ನು ಮೇಲ್ಮುಖ ಮಾಡಿ ಲೆನ್ಸಿನ ಕೆಳಗೆ ಹಿಂದೆ-ಮುಂದೆ ಸರಿಸುತ್ತಾ ಹೋಗಿ. ಬಲಗೈ ಬಿಟ್ಟರೂ ಎರಡೂ ಕಡೆಗೆ ವಾಲದೆ ನಿಲ್ಲುವ ಒಂದು ಜಾಗ ಸಿಗುತ್ತದೆ. ಕೈ ಇರಬೇಕಾದ್ದು ಅಲ್ಲಿ. ಸಾಮಾನ್ಯವಾಗಿ ಟ್ರೈಪಾಡ್ ಕಾಲರಿನ (ಲೆನ್ಸನ್ನು ಟ್ರೈಪಾಡಿಗೆ ಕೂರಿಸುವ ಬಳೆಯ) ಕಾಲು ಅದೇ ಜಾಗಕ್ಕೆ ಅಡ್ಡ ಬರುತ್ತದೆ. ಕಾಲರ್ ಸಡಿಲಿಸಿ ಕಾಲನ್ನು ಮೇಲಕ್ಕೆ ತಿರುಗಿಸಿಬಿಡಿ, ನಡೆಯುವಾಗ ಅದೇ ಹಿಡಿಕೆಯೂ ಆಗುತ್ತದೆ. ಮೊಣಕೈಗಳು ಪಕ್ಕೆಗೆ ಒತ್ತಿರಲಿ, ವ್ಯೂಫೈಂಡರ್ ಹುಬ್ಬಿಗೆ ಒತ್ತಿರಲಿ. ಪರದೆ ನೋಡಿಕೊಂಡು ಕೈ ಚಾಚಿ ತೆಗೆಯುವ ಫೋನಿನ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಉಸಿರು ಬಿಟ್ಟು, ಮುಂದಿನದನ್ನು ಎಳೆದುಕೊಳ್ಳುವ ಮುಂಚಿನ ಬಿಡುವಿನಲ್ಲಿ ಮೂರು-ನಾಲ್ಕು ಚಿತ್ರಗಳ ಚಿಕ್ಕ ಬರ್ಸ್ಟ್. ಬೆರಳು ಒತ್ತುವ ಅಲುಗಾಟ ಮೊದಲ ಚಿತ್ರಕ್ಕೆ ತಾಗುತ್ತದೆ, ಬಿಡುವ ಅಲುಗಾಟ ಕೊನೆಯದಕ್ಕೆ. ನಡುವಿನದು ಬಹಳ ಸಲ ಉಳಿಯುತ್ತದೆ.

ಝೂಮ್ ಮಾಡಿದಾಗ ಉದ್ದವಾಗುವ ಲೆನ್ಸ್‌ಗಳಲ್ಲಿ, ಅಂದರೆ ಕ್ಯಾನನ್ 100-500, 200-800, ಸಿಗ್ಮಾ 150-600 ಇಂಥವುಗಳಲ್ಲಿ, ಸಮತೋಲದ ಜಾಗ ಮುಂದಕ್ಕೆ ಓಡುತ್ತದೆ. ನೀವು ತಂದಂಥ 200-600ರಲ್ಲಿ ಝೂಮ್ ಒಳಗೇ ನಡೆಯುವುದರಿಂದ ಆ ಗೋಳಿಲ್ಲ. ಕೈಯಲ್ಲಿ ಹಿಡಿಯುವವರಿಗೆ ಇದು ತೂಕಕ್ಕಿಂತ ದೊಡ್ಡ ಸುಖ ಎಂಬುದು ನನ್ನ ಅನಿಸಿಕೆ. ಆದರೆ ಅದು ಯಾವಾಗಲೂ ಪೂರ್ತಿ ಉದ್ದಕ್ಕೇ ಇರುತ್ತದೆ, ಚೀಲಕ್ಕೆ ಹೊಂದುವುದಿಲ್ಲ ಎನ್ನುವವರೂ ಇದ್ದಾರೆ. ಬೆಲ್ಟನ್ನು ಕ್ಯಾಮೆರಾಕ್ಕೆ ಕಟ್ಟಬೇಡಿ, ಕಾಲರಿಗೋ ಲೆನ್ಸಿನ ಮೇಲಿನ ಕೊಂಡಿಗೋ ಕಟ್ಟಿ. ಎರಡು ಕಿಲೋ ಲೆನ್ಸ್ ಮೌಂಟಿನಿಂದ ಜೋತಾಡುವುದು ಒಳ್ಳೆಯದಲ್ಲ. ಇನ್ನು, ಹಕ್ಕಿ ಬರಲಿ ಎಂದು ಲೆನ್ಸ್ ಎತ್ತಿಹಿಡಿದೇ ಕಾಯಬೇಡಿ. ತೋಳು ಸೋತ ಮೇಲೆ ಬಂದ ಹಕ್ಕಿಯನ್ನು ನೋಡಿ ತೃಪ್ತಿಪಡಬೇಕಷ್ಟೆ.

ಹಕ್ಕಿಯನ್ನು ಚೌಕಟ್ಟಿನೊಳಗೆ ತರುವುದೇ ಮೊದಮೊದಲು ಕಷ್ಟ. 600ರಲ್ಲಿಟ್ಟು ಹುಡುಕಿದರೆ ಬರೀ ಎಲೆ ಕಾಣುತ್ತದೆ. 200ಕ್ಕೆ ಇಳಿಸಿ, ಹಕ್ಕಿಯ ಮೇಲೆ ನೆಟ್ಟ ಕಣ್ಣನ್ನು ಕದಲಿಸದೆ ಕ್ಯಾಮೆರಾವನ್ನೇ ಕಣ್ಣಿಗೆ ತನ್ನಿ, ಸಿಕ್ಕ ಮೇಲೆ ಝೂಮ್ ಮಾಡಿ. ಹಕ್ಕಿಯ ಕಣ್ಣನ್ನು ಗುರುತಿಸುವ ಆಟೋಫೋಕಸ್ ಬಯಲಲ್ಲಿ ಅದ್ಭುತ. ಕೊಂಬೆಗಳ ಗೋಜಲಿನಲ್ಲಿ ಮುಂದಿನ ಕಡ್ಡಿಯನ್ನೇ ಹಿಡಿದು ಕೂರುತ್ತದೆ, ಆಗ ಒಂದೇ ಚಿಕ್ಕ ಫೋಕಸ್ ಬಿಂದುವಿಗೆ ಬದಲಿಸಿ. ಎಫ್ 6.3 ಎಂದರೆ ಆಳ ಬೇಕಾದಷ್ಟಿರುತ್ತದೆ ಎಂದುಕೊಳ್ಳಬೇಡಿ. ಫುಲ್‌ಫ್ರೇಮ್‌ನಲ್ಲಿ 600 ಮಿ.ಮೀ., 10 ಮೀಟರ್ ದೂರಕ್ಕೆ ಸ್ಪಷ್ಟವಾಗಿರುವ ಆಳ ಒಟ್ಟು 10 ಸೆಂ.ಮೀ. ಐದು ಮೀಟರಿಗೆ ಬಂದರೆ ಎರಡು ಸೆಂ.ಮೀ. ಚಿಲ್ಲರೆ. ಹಕ್ಕಿ ನಿಮ್ಮತ್ತ ಮುಖ ಮಾಡಿದ್ದರೆ ಕೊಕ್ಕು ಅಥವಾ ಕಣ್ಣು, ಎರಡರಲ್ಲಿ ಒಂದು.

ಇನ್ನು ಗಾಳಿ. ಹೊಸಬರು ಲೆನ್ಸನ್ನು ಬೈಯುವ ಸಂದರ್ಭಗಳಲ್ಲಿ ಇದರ ಪಾಲು ದೊಡ್ಡದು, ಇದನ್ನು ನಂಬಿಸುವುದೂ ಕಷ್ಟ. ಬಿಸಿಲಿಗೆ ಕಾದ ನೆಲದಿಂದ ಬಿಸಿ ಗಾಳಿ ಸುರುಳಿಯಾಗಿ ಏಳುತ್ತದೆ. ಬಿಸಿ ಗಾಳಿಯ ವಕ್ರೀಭವನ ತಣ್ಣನೆಯದಕ್ಕಿಂತ ಕೊಂಚ ಕಡಿಮೆ, ಹಾಗಾಗಿ ಪ್ರತಿ ಸುರುಳಿಯೂ ಕೆಟ್ಟದಾಗಿ ತಿಕ್ಕಿದ ಮಸೂರದಂತೆ ಬೆಳಕನ್ನು ಅತ್ತಿತ್ತ ತಿರುಗಿಸುತ್ತದೆ. ಹಕ್ಕಿಗೂ ನಿಮಗೂ ನಡುವೆ ಇಂಥ ನೂರಾರು ಸುರುಳಿಗಳಿರುತ್ತವೆ. ಶಟರ್ ವೇಗ 1/4000 ಮಾಡಿದರೂ ಇದಕ್ಕೆ ಪರಿಹಾರವಿಲ್ಲ. ಸೊಟ್ಟ ಆದ ಬೆಳಕು ಸೊಟ್ಟವಾಗಿಯೇ ದಾಖಲಾಗುತ್ತದೆ. ಟ್ರೈಪಾಡ್ ಇಟ್ಟರೂ ಅಷ್ಟೆ, ಲೆನ್ಸಿಗೆ ಎಷ್ಟು ಸುರಿದಿದ್ದರೂ ಅಷ್ಟೆ. ಡಾಂಬರು ರಸ್ತೆ, ಬಂಡೆ, ತಗಡಿನ ಮಾಡು, ನಿಂತ ಕಾರಿನ ಬಾನೆಟ್ ಇವುಗಳ ಮೇಲಿಂದ ಗುರಿಯಿಡಬೇಡಿ. ಬಿಸಿಲಿನಲ್ಲಿ ಕಾರಿನ ಕಿಟಕಿಯಿಂದ ತೆಗೆಯುವಾಗ ಕಾರಿನದೇ ಶಾಖ ಲೆನ್ಸಿನ ಮುಂದೆ ಏಳುತ್ತಿರುತ್ತದೆ. ಚಳಿಗಾಲದ ಬೆಳಗ್ಗೆ ನೀರಿನ ಮೇಲೂ ಇದೇ ಕಥೆ: ನೀರು ಬೆಚ್ಚಗೆ, ಗಾಳಿ ತಣ್ಣಗೆ. ಅನುಮಾನವಿದ್ದರೆ ವ್ಯೂಫೈಂಡರಿನಲ್ಲಿ ನೋಟವನ್ನು ಪೂರ್ತಿ ಹಿಗ್ಗಿಸಿ ದೂರದ ನೇರ ಗೆರೆಯೊಂದನ್ನು ಸ್ವಲ್ಪ ಹೊತ್ತು ನೋಡಿ. ಅದು ಹರಿಯುವ ನೀರಿನೊಳಗಿನ ಕಡ್ಡಿಯ ಹಾಗೆ ಕುಲುಕುತ್ತಿದ್ದರೆ ಅವತ್ತಿನ ಮಟ್ಟಿಗೆ ದೂರದ ಹಕ್ಕಿಯ ಆಸೆ ಬಿಟ್ಟು ಹತ್ತಿರದ್ದಕ್ಕೆ ಹೋಗಿ. ನೀವು ಮಧ್ಯಾಹ್ನ ತೆಗೆದ ಚಿತ್ರಗಳೇ ಹೆಚ್ಚು ಮಸುಕಾಗಿದ್ದರೆ ಉತ್ತರ ಇಲ್ಲೇ ಇದೆ.

ದೂರ ಎಂದಾಗ ಒಂದು ಲೆಕ್ಕ ನೆನಪಿರಲಿ. 15 ಸೆಂ.ಮೀ. ಉದ್ದದ ಹಕ್ಕಿ 20 ಮೀಟರ್ ಆಚೆ ಕೂತರೆ 600 ಮಿ.ಮೀ. ಲೆನ್ಸ್ ಅದನ್ನು ಸೆನ್ಸರಿನ ಮೇಲೆ 4.5 ಮಿ.ಮೀ. ಮಾಡಿ ತೋರಿಸುತ್ತದೆ, ಚೌಕಟ್ಟಿನ ಅಗಲದ ಎಂಟನೇ ಒಂದು ಪಾಲು. 24 ಮೆಗಾಪಿಕ್ಸೆಲ್‌ನಲ್ಲಿ ಅದು 750 ಪಿಕ್ಸೆಲ್. ಅದನ್ನು ಕ್ರಾಪ್ ಮಾಡಿ ಪರದೆ ತುಂಬಿಸಿದರೆ ಯಾವ ಲೆನ್ಸೂ ಮರ್ಯಾದೆ ಉಳಿಸಿಕೊಳ್ಳುವುದಿಲ್ಲ. ಹತ್ತು ಮೀಟರಿಗೆ ಹೋದರೆ ಅದೇ ಹಕ್ಕಿ 1500 ಪಿಕ್ಸೆಲ್. ಹಕ್ಕಿಗೆ ತೊಂದರೆಯಾಗದಂತೆ ಹತ್ತಿರ ಹೋಗುವ ತಾಳ್ಮೆಯೇ ಇಲ್ಲಿ ಮುಖ್ಯ, ಗೂಡಿನ ಬಳಿಯಂತೂ ಅದೂ ಬೇಡ.

ಇಷ್ಟೆಲ್ಲ ಆದ ಮೇಲೂ ಲೆನ್ಸ್ ಮೇಲೆ ಅನುಮಾನ ಉಳಿದರೆ, ಮೆತ್ತೆಯ ಮೇಲೆ ಕೂರಿಸಿ ತೆಗೆದ ಆ ಮೊದಲ ಚಿತ್ರಗಳಿಗೆ ಮರಳಿ. ಅವೂ ಮಸುಕಾಗಿವೆಯೇ? ಫಲಕವನ್ನು ಚೌಕಟ್ಟಿನ ಎಡಕ್ಕಿಟ್ಟು ಒಂದು, ಬಲಕ್ಕಿಟ್ಟು ಒಂದು, ಎರಡರಲ್ಲೂ ಫಲಕದ ಮೇಲೆಯೇ ಫೋಕಸ್ ಮಾಡಿ ತೆಗೆಯಿರಿ. ಪ್ರತಿ ಸಲವೂ ಒಂದೇ ಬದಿ ಮಾತ್ರ ಕೆಟ್ಟಿದ್ದರೆ ಒಳಗಿನ ಗಾಜು ಓರೆಯಾಗಿರಬಹುದು, ಸರ್ವಿಸ್ ಸೆಂಟರಿಗೆ ಕೊಡಬೇಕಾದ್ದೇ. ಕೇಂದ್ರದಲ್ಲೂ ಫೋಕಸ್ ಸದಾ ಒಂದೇ ಕಡೆಗೆ ತಪ್ಪುತ್ತಿದ್ದು, ನಿಮ್ಮದು ಡಿಎಸ್‌ಎಲ್‌ಆರ್ ಆಗಿದ್ದರೆ, ಆ ತಪ್ಪನ್ನು ಸರಿದೂಗಿಸುವ ಆಟೋಫೋಕಸ್ ಫೈನ್ ಟ್ಯೂನ್ ಮಾಡಿ ನೋಡಿ. ಕನ್ನಡಿಯಿಲ್ಲದ ಮಿರರ್‌ಲೆಸ್‌ನಲ್ಲಿ ಸೆನ್ಸರೇ ಫೋಕಸ್ ಅಳೆಯುವುದರಿಂದ ಆ ತೊಂದರೆ ಸಾಮಾನ್ಯವಾಗಿ ಬರುವುದಿಲ್ಲ.

ಟ್ರೈಪಾಡ್ ಕಡ್ಡಾಯವಲ್ಲ. ನಡೆದಾಡುತ್ತಾ ಹುಡುಕುವವರಿಗೆ, ಹಾರುವ ಹಕ್ಕಿ ಬೇಕೆನ್ನುವವರಿಗೆ ಕೈಯೇ ಮೇಲು. ಒಂದೇ ಜಾಗದಲ್ಲಿ ಗಂಟೆಗಟ್ಟಲೆ ಕಾಯುವುದಾದರೆ, ಅಥವಾ ಮುಸ್ಸಂಜೆಯಲ್ಲಿ ವೇಗ 1/100ಕ್ಕಿಂತ ಕೆಳಗಿಳಿಯುವುದಾದರೆ ಬೇಕೇ ಬೇಕು. ನಡುವೆ ಒಂಟಿ ಕಾಲಿನ ಮೊನೊಪಾಡ್ ಇದೆ. ಅದು ನಡುಕಕ್ಕಿಂತ ಹೆಚ್ಚಾಗಿ ಭಾರವನ್ನು ಕಳೆಯುತ್ತದೆ. ಬೇಲಿಯ ಕಂಬ, ಮರದ ಕಾಂಡ, ನಿಮ್ಮದೇ ಮೊಣಕಾಲು ಇವೂ ಆಸರೆಗಳೇ.

ಟೆಲಿಕನ್ವರ್ಟರ್ ಸದ್ಯಕ್ಕೆ ಬೇಡ. 1.4 ಪಟ್ಟಿನದು ಹಾಕಿದರೆ 600 ಎನ್ನುವುದು 840 ಆಗುತ್ತದೆ, ಎಫ್ 6.3 ಎನ್ನುವುದು ಎಫ್ 9 ಆಗುತ್ತದೆ. ಒಂದು ಸ್ಟಾಪ್ ಬೆಳಕು, ಅಂದರೆ ಅರ್ಧದಷ್ಟು, ಹೋಯಿತು, ನಡುಕ 1.4 ಪಟ್ಟಾಯಿತು, ಗಾಳಿಯ ಕುಲುಕಾಟವೂ ಅಷ್ಟೇ ಹಿಗ್ಗಿತು. ಬಹಳಷ್ಟು ಡಿಎಸ್‌ಎಲ್‌ಆರ್‌ಗಳಲ್ಲಿ ಎಫ್ 8 ದಾಟಿದರೆ ಆಟೋಫೋಕಸ್ಸೇ ಕೈಕೊಡುತ್ತದೆ. ಕೆಲವು ಲೆನ್ಸ್‌ಗಳಿಗೆ ತಮ್ಮದೇ ನಿರ್ಬಂಧವೂ ಇದೆ. ಕ್ಯಾನನ್ ಆರ್‌ಎಫ್ 100-500ಕ್ಕೆ ಎಕ್ಸ್‌ಟೆಂಡರ್ (ಟೆಲಿಕನ್ವರ್ಟರಿಗೆ ಕ್ಯಾನನ್ ಇಟ್ಟ ಹೆಸರು) ಹಾಕಿದರೆ 300ಕ್ಕಿಂತ ಕೆಳಗೆ ಝೂಮ್ ಇಳಿಸಲಾಗುವುದಿಲ್ಲ. ಮೊದಲು ಬರೀ ಲೆನ್ಸಿನಲ್ಲಿ ನಿಮ್ಮ ವೇಗ ಕಂಡುಕೊಳ್ಳಿ. ಆಮೇಲೆ ಗೆಳೆಯರ ಬಳಿ ಕನ್ವರ್ಟರ್ ಇದ್ದರೆ ಎರವಲು ತಂದು, ಅದೇ ಗೋಡೆಯನ್ನು ಅದೇ ದೂರದಿಂದ ಒಮ್ಮೆ ಕನ್ವರ್ಟರ್ ಹಾಕಿ, ಒಮ್ಮೆ ಬಿಚ್ಚಿ, ಎರಡು ಸಲವೂ ಕೈಯಲ್ಲೇ ಹಿಡಿದು ತೆಗೆಯಿರಿ. ಬಿಚ್ಚಿ ತೆಗೆದದ್ದನ್ನು ಅದೇ ಅಳತೆಗೆ ಕ್ರಾಪ್ ಮಾಡಿ ಪಕ್ಕದಲ್ಲಿಡಿ. ಇಟ್ಟಿಗೆಯ ಮೇಲಿನ ಸಣ್ಣ ಬಿರುಕುಗಳು ಕನ್ವರ್ಟರ್ ಚಿತ್ರದಲ್ಲಿ ಹೆಚ್ಚು ಕಾಣುತ್ತಿಲ್ಲ ಎಂದಾದರೆ ಅದನ್ನು ಕೊಳ್ಳುವ ದುಡ್ಡು ಉಳಿಯಿತು.